ಕೊಂಡಿಯ ಮೇಲಿನ ಅಂಗೈ

ಚಿಗವ್ವ, ನಿನಗೆ ಸುಳ್ಳು ಹೇಳಿದೆ. ಆ ಸೀರೆ ಜಾಹೀರಾತಿನಲ್ಲಿ ನನ್ನ ಅಂಗೈ ಒಡಲೂ ಸೆರಗೂ ಕೂಡುವ ಕಡೆಯೇ ಬಿದ್ದದ್ದು ಅಕಸ್ಮಾತ್ ಅಲ್ಲ. ಐದು ವರ್ಷದಿಂದ ಇದನ್ನು ನುಂಗಿಕೊಂಡಿದ್ದೇನೆ — ಇನ್ನು ಆಗುವುದಿಲ್ಲ.

ನನ್ನನ್ನು ರ್‍ಯಾಪರ್ ಮಾಡಿದ್ದೇ ನಿನ್ನ ಮಗ್ಗ. ಇಳಕಲ್ಲಿನ ನಮ್ಮ ಮನೆಯಲ್ಲಿ ನೆಲದ ತಗ್ಗಿಗೆ ಕಾಲಿಳಿಸಿ ನೀನು ನೇಯುತ್ತಿದ್ದ ಆ ಕುಣಿಮಗ್ಗದ ಸದ್ದನ್ನು ಫೋನಿನಲ್ಲಿ ಹಿಡಿದು, ಅದನ್ನೇ ತಾಳ ಮಾಡಿಕೊಂಡು ಮೊದಲ ಹಾಡು ಕಟ್ಟಿದೆ. ಸೀರೆಯ ಒಡಲನ್ನೂ ಸೆರಗನ್ನೂ ಎಳೆಗೆ ಎಳೆ ಸೇರಿಸುವ ಕೊಂಡಿ — ಅದಿದ್ದರೆ ಕೈಮಗ್ಗದ್ದು, ಇಲ್ಲದಿದ್ದರೆ ಮಷಿನ್ನಿನದು ಎಂದು ನೀನೇ ನನ್ನ ಬೆರಳು ಹಿಡಿದು ಸವರಿಸಿ ತೋರಿಸಿದ್ದೆ. 'ಕೊಂಡಿ ನೋಡಿ ಕೊಳ್ರಿ' ಎಂಬ ನನ್ನ ಸಾಲನ್ನು ಬಾಗಲಕೋಟೆಯಿಂದ ಹುನಗುಂದದವರೆಗೆ ಹುಡುಗರು ಕೂಗುತ್ತಿದ್ದರು. ನೀನು ಎಷ್ಟು ಬೀಗಿದ್ದೆ!

ಮಷಿನ್ ಸೀರೆಯನ್ನು ಇಳಕಲ್ ಸೀರೆ ಎಂದು ಮಾರುವ ಕಂಪನಿಯವರು ಅದೇ ಹಾಡು ಬೇಕೆಂದು ಬಂದರು. ಊರೂರಿನ ಬೋರ್ಡಿನಲ್ಲಿ ನನ್ನ ಮುಖ ಹಾಕಿಸುತ್ತೇವೆ ಎಂದರು. ನಾನು — ಏನು ಹೇಳಲಿ — ಕುಣಿದಾಡಿಬಿಟ್ಟೆ. ಅವರಿಗೆ ಹಾಡಿನ ಕುಣಿತ ಸಾಕಿತ್ತು. ಆ ಕೊಂಡಿಯ ಸಾಲಿನ ಅರ್ಥ ಅವರು ಕೇಳುವ ಮೊದಲೇ ನಾನೇ ಅದನ್ನು ಕತ್ತರಿಸಿದೆ. ನಿನ್ನ ಮಗ್ಗದ ಸದ್ದನ್ನು ಮಾತ್ರ ಉಳಿಸಿಕೊಟ್ಟೆ. ಬಾದಾಮಿಯ ಕೆಂಪು ಬಂಡೆಯ ಮುಂದೆ ಸೀರೆ ಹಿಡಿದು ನಿಂತೆ.

ಜಾಹೀರಾತು ಬಂದ ವಾರವೇ ನೀನು ಕೇಳಿದೆ: "ಯಪ್ಪಾ, ಕೈ ಅಲ್ಲೇ ಯಾಕ ಇಟ್ಟಿದ್ದಿ?"

"ಅವ್ರ ಹಂಗ ಹಿಡಿ ಅಂದ್ರು, ಚಿಗವ್ವ."

ನೀನು ನಂಬಿದೆ. ಓಣಿಯವರು ನನ್ನನ್ನು ಬೈದಾಗ, "ನಮ್ಮ ಹುಡುಗಂದೇನೂ ತಪ್ಪಿಲ್ರಿ, ಆ ಕಂಪನಿಯವ್ರ ಆಟ ಅದು" ಎಂದು ಜಗಳಕ್ಕೇ ನಿಂತೆ. ಗಿರಾಕಿಗಳು ನಿನ್ನ ಬಾಗಿಲಿಗೇ ಬಂದು, "ನಿಮ್ಮ ಹುಡುಗನ ಸೀರಿ ಇದಕಿಂತ ಸೋವಿ ಐತಲ್ರಿ" ಎಂದು ತಿರುಗಿ ಹೋದರು. ಕಡೆಗೊಂದು ದಿನ ನೀನು ಮಗ್ಗ ಬಿಚ್ಚಿಸಿದೆ, ಕುಣಿ ಮುಚ್ಚಿ ಮೇಲೆ ಫರಸಿಕಲ್ಲು ಹಾಕಿಸಿದೆ. ಆಗಲೂ ನನಗೆ ಒಂದು ಮಾತು ಆಡಲಿಲ್ಲ. ಆಡಿದ್ದರೆ —

ಈಗ ನಿನ್ನ ಮಗ್ಗದ ಸದ್ದು ಉಳಿದಿರುವುದು ಆ ಜಾಹೀರಾತಿನಲ್ಲೇ. ಥೂ, ನನ್ನ ಜನ್ಮಕ್ಕಿಷ್ಟು! ವೇದಿಕೆ ಹತ್ತಿದರೆ ಹುಡುಗರು ಇನ್ನೂ ಆ ಸಾಲನ್ನೇ ಕೇಳುತ್ತಾರೆ. ನಾನು ಬೇರೆ ಹಾಡು ಹಿಡಿಯುತ್ತೇನೆ.

ಖರೆ ಹೇಳುತ್ತೇನೆ, ಕೇಳು ಚಿಗವ್ವ. ಅಲ್ಲಿ ಕೈ ಇಡು ಎಂದು ಯಾರೂ ಹೇಳಲಿಲ್ಲ. ಕೊಂಡಿ ಎಂದರೇನೆಂದು ಕ್ಯಾಮೆರಾದವನಿಗೂ ಗೊತ್ತಿರಲಿಲ್ಲ, ಬಂದಿದ್ದ ಕಂಪನಿಯವರಿಗೂ ಗೊತ್ತಿರಲಿಲ್ಲ. ಎಲ್ಲಿ ಮುಚ್ಚಬೇಕೆಂದು ಗೊತ್ತಿದ್ದವನು ನಾನೊಬ್ಬನೇ. ನೀನು ಕಲಿಸಿದ್ದೆ.