ತೆಂಗಿನೆಣ್ಣೆ ಕುಡಿದ ಇಟಲಿ ಬೈಕು

ನನ್ನ ಗಂಡ ಪೂವಪ್ಪ ಮುಂಬೈಯ ಉಡುಪಿ ಹೋಟೆಲುಗಳಿಗೆ ಗ್ರೈಂಡರ್ ಡಾಕ್ಟರು. ಹೊಗಳಿ ಹೇಳುತ್ತಿಲ್ಲ, ಗಂಡನನ್ನು ಹೊಗಳುವ ಅಭ್ಯಾಸ ನನಗಿಲ್ಲ. ಸಯನ್‌ನಿಂದ ಗೋರೆಗಾಂವ್ ತನಕ ಯಾವ ಹೋಟೆಲಿನಲ್ಲಿ ಹಿಟ್ಟು ರುಬ್ಬುವ ಕಲ್ಲು ಮುನಿಸಿಕೊಂಡರೂ ಫೋನು ಬರುವುದು ನಮ್ಮ ಮನೆಗೇ. ಇವರು ಹೋದವರು ಮಿಷನ್ನನ್ನು ಕೂಡಲೇ ಮುಟ್ಟುವುದಿಲ್ಲ. ಮಾರು ದೂರ ನಿಂತು ಕಣ್ಣು ಮುಚ್ಚುತ್ತಾರೆ. ಬಾಯಿ ಸ್ವಲ್ಪ ತೆರೆದುಕೊಳ್ಳುತ್ತದೆ, ಬಲಗೈಯ ಕಿರುಬೆರಳು ತಾನಾಗಿ ಮೇಲೇಳುತ್ತದೆ. ಆಮೇಲೆ, “ಕೆಳಗಿನ ಬೇರಿಂಗ್ ಹೋಗಿದೆ” ಎಂದರೆ ಹೋಗಿದೆ, ಅಷ್ಟೇ. ಮೂವತ್ತೊಂದು ವರ್ಷದಲ್ಲಿ ಆ ಕಿವಿ ಒಂದು ಸಲವೂ ಸುಳ್ಳು ಹೇಳಿರಲಿಲ್ಲ. ನಾವು ಉಂಡದ್ದು, ಮಗಳು ಓದಿದ್ದು, ಸಯನ್‌ನಲ್ಲಿ ಈ ಒಂದೂವರೆ ಕೋಣೆಯ ಮನೆ ಆದದ್ದು ಎಲ್ಲ ಆ ಕಿವಿಯಿಂದ.

ಇನ್ನೂ ಎರಡು ಸಂಗತಿ ನಿಮಗೆ ಗೊತ್ತಿರಬೇಕು. ಗ್ರೀಸು ಹಾಕಿದರೆ ದೋಸೆ ಹಿಟ್ಟಿಗೆ ವಾಸನೆ ಹೊಡೆಯುತ್ತದೆ ಎಂದು ಇವರು ಹಿಟ್ಟಿನ ಹತ್ತಿರದ ಭಾಗಗಳಿಗೆಲ್ಲ ತೆಂಗಿನೆಣ್ಣೆಯನ್ನೇ ಬಿಡುವುದು. ಅದಕ್ಕೆಂದೇ ಉದ್ದ ಮೂತಿಯ ಒಂದು ಡಬ್ಬಿ ಇವರ ಚೀಲದಲ್ಲಿ ಸದಾ ಇರುತ್ತದೆ. ಇನ್ನೊಂದು, ಇವರ ಕಸುಬಿನಲ್ಲಿ “ಮಿಷನ್ ಡ್ರೈ ಉಂಟು” ಎಂದರೆ ಎಣ್ಣೆ ಒಣಗಿದೆ, ಬೇಗ ಬಿಡಿ ಎಂದು ಅರ್ಥ. ಈ “ಡ್ರೈ” ಎಂಬ ಒಂದು ಮಾತು ನಮ್ಮ ಮನೆಗೆ ಏನು ಮಾಡಿತು ಎಂದು ಹೇಳುತ್ತೇನೆ, ಕೇಳಿ.

ಕಳೆದ ವರ್ಷ ಗೋರೆಗಾಂವ್‌ನ ಒಂದು ಹೋಟೆಲಿಗೆ ಬೆಲ್ಟು ಬದಲಿಸಲು ಹೋಗಿದ್ದರು. ಅದೇ ಬಿಲ್ಡಿಂಗಿನ ಮೇಲಿನ ಮಹಡಿಯ ಹಿತೇಶ್ ಎಂಬ ನಮ್ಮ ಕಡೆಯವನೇ ಒಬ್ಬ ಹುಡುಗ, ಪಾರ್ಕಿಂಗಿನಲ್ಲಿ ಹೊದಿಕೆ ತೆಗೆದು ಕೆಂಪು ಬೈಕೊಂದನ್ನು ಸ್ಟಾರ್ಟ್ ಮಾಡಿದ. ಇಟಲಿಯದ್ದು. ರೇಸಿನವರದ್ದರ ಹಾಗೆ ಮುಂದಕ್ಕೆ ಬಾಗಿ ಕೂರುವಂಥದ್ದು. ಹಿತೇಶನಿಗೆ ಬೆನ್ನುನೋವು ಬಂದು ಡಾಕ್ಟರು ಬೈಕು ಬೇಡ ಎಂದಿದ್ದರಂತೆ. ಓಡಿಸುವಂತಿಲ್ಲ, ಬಿಡಲು ಮನಸ್ಸಿಲ್ಲ. ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಅದರ ಸದ್ದು ಕೇಳಿ ಮತ್ತೆ ಹೊದಿಸುತ್ತಿದ್ದ. ಇವರು ಕೈಯಲ್ಲಿ ನಟ್ಟು ಬಿಚ್ಚುವ ಪಾನಾ ಹಿಡಿದುಕೊಂಡೇ ಹೊರಗೆ ಬಂದು ನಿಂತರಂತೆ, ಕಣ್ಣು ಮುಚ್ಚಿ, ಬಾಯಿ ತೆರೆದು. ಸಂಜೆ ಮನೆಗೆ ಬಂದವರಿಗೆ ಊಟ ಸೇರಲಿಲ್ಲ.

“ಎಂತ ಸದ್ದು ಗೊತ್ತುಂಟಾ ಸೇವಂತಿ? ದೂರದಲ್ಲಿ ಚೆಂಡೆ ಬಾರಿಸಿದ ಹಾಗೆ.”

“ಹಾಗಾದರೆ ಚೆಂಡೆಯನ್ನೇ ತಕ್ಕೊಳ್ಳಿ. ಅದಕ್ಕೆ ಪೆಟ್ರೋಲು ಬೇಡ.”

ನನ್ನ ಮಾತು ಯಾರಿಗೆ ಬೇಕು! ಐವತ್ಮೂರು ವರ್ಷದ ಈ ಮನುಷ್ಯ, ಜೀವಮಾನವಿಡೀ ಸ್ಕೂಟರಿನ ಕಾಲಬುಡದಲ್ಲಿ ಸಾಮಾನಿನ ಚೀಲ ಇಟ್ಟುಕೊಂಡು ಹೋದವರು, ಮೂರು ವಾರದಲ್ಲಿ ಆ ಬೈಕನ್ನು ಮನೆಗೆ ತಂದರು. ಎಷ್ಟು ಕೊಟ್ಟರೆಂದು ನನ್ನನ್ನು ಕೇಳಬೇಡಿ, ನನಗೇ ಹೇಳಿಲ್ಲ. “ಸ್ವಲ್ಪ ಸದ್ದು ಮಾಡ್ತದೆ ಅಂಕಲ್” ಎಂದು ಹಿತೇಶ್ ಎಚ್ಚರಿಸಿದ್ದನಂತೆ. “ಸದ್ದಿಗೇ ಅಲ್ಲವಾ ಮಾರಾಯಾ ತಕ್ಕೊಳ್ಳುವುದು” ಎಂದರಂತೆ ಇವರು. ಊರಿನಿಂದ ಅಮ್ಮ ಫೋನು ಮಾಡಿದಾಗ, “ಇವರು ಇಟಲಿ ಬೈಕು ತಕ್ಕೊಂಡಿದ್ದಾರೆ” ಎಂದೆ. “ಒಳ್ಳೇದಾಯ್ತು ಮಗಾ, ಇಡ್ಲಿ ಮಾರುವುದು ಕೈಬಿಡದ ವ್ಯಾಪಾರ” ಎಂದರು ಅಮ್ಮ. ನಾನು ತಿದ್ದಲು ಹೋಗಲಿಲ್ಲ.

ಚಕ್ರದಡಿ ನಿಂಬೆಹಣ್ಣಿಟ್ಟು ಪೂಜೆ ಆಯಿತು. ಆಮೇಲೆ ಶುರುವಾಯಿತು ನೋಡಿ ಸೇವೆ. ಬೆಳಿಗ್ಗೆ ಎದ್ದರೆ ಬೈಕು, ಚಹಾ ಕುಡಿದರೆ ಬೈಕು. ನನ್ನ ಒಳ್ಳೆಯ ಹತ್ತಿ ಸೀರೆಯೊಂದು ಅದರ ಟ್ಯಾಂಕು ಒರೆಸುವ ಬಟ್ಟೆಯಾಯಿತು. ಮದುವೆಯಾಗಿ ಇಪ್ಪತ್ತೆಂಟು ವರ್ಷವಾದರೂ ಇವರು ನನ್ನ ಸೀರೆಯನ್ನು ಅಷ್ಟು ಪ್ರೀತಿಯಿಂದ ಮುಟ್ಟಿದ್ದು ಅದೇ ಮೊದಲು.

ವಾರ ಕಳೆಯುವಷ್ಟರಲ್ಲಿ ಮುಖ ಸಣ್ಣದಾಯಿತು. ಸಿಗ್ನಲಿನಲ್ಲಿ ಕ್ಲಚ್ ಹಿಡಿದು ನಿಂತರೆ ಬಲಗಾಲಿನ ಹತ್ತಿರ ಕಟಕಟಕಟ ಎಂದು ಸದ್ದು. ಬಿಟ್ಟರೆ ಇಲ್ಲ. ಮುಂಬೈಯ ಟ್ರಾಫಿಕ್ಕಿನಲ್ಲಿ ಕ್ಲಚ್ ಬಿಡುವುದಾದರೂ ಯಾವಾಗ? ಹಾದಿಯುದ್ದಕ್ಕೂ ಕಟಕಟ. ಚೀಲದಲ್ಲಿ ಸೌಟುಗಳನ್ನು ಹಾಕಿ ಅಲ್ಲಾಡಿಸಿದ ಹಾಗೆ, ನಾನೇ ಕಿವಿಯಾರೆ ಕೇಳಿದೆ. ಇವರು ಬೈಕಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಕಿರುಬೆರಳು ಎತ್ತಿ ತೀರ್ಪು ಕೊಟ್ಟರು. “ಬಾಯಾರಿಕೆಯ ಸದ್ದು.”

ಮಗಳು ಯಕ್ಷಿತಾ ಆಫೀಸಿಗೆ ಹೊರಟವಳು ಮೊಬೈಲಿನಲ್ಲಿ ಹುಡುಕಿ ನೋಡಿದಳು. ಅವಳ ಕನ್ನಡ ಗೊತ್ತಲ್ಲ, ಸಯನ್‌ನಲ್ಲಿ ಹುಟ್ಟಿದ್ದು. “ಪಪ್ಪಾ, ಇದರ ಕ್ಲಚ್ ನಾ... ಡ್ರೈ ಹೈ. ಮತ್ಲಬ್... ಹೇಗೆ ಹೇಳೋದು... ಡ್ರೈ ಉಂಟು.”

“ನಾನು ಎಂತ ಹೇಳಿದೆ!” ಎಂದು ಇವರು ತೊಡೆ ತಟ್ಟಿದರು.

“ನಹೀ ಪಪ್ಪಾ, ಸುನೋ ತೋ...”

ಅವಳ ಲೋಕಲ್ ರೈಲಿಗೆ ಹೊತ್ತಾಗಿತ್ತು, ಓಡಿದಳು. ಇವರೂ ಓಡಿದರು, ಎಣ್ಣೆಯ ಡಬ್ಬಿಗೆ. ಕ್ಲಚ್ಚಿನ ಮುಚ್ಚಳದಲ್ಲಿ ಕಿಟಕಿಗಳ ಹಾಗೆ ತೂತುಗಳಿದ್ದವು. ಅದರೊಳಗೆ ಉದ್ದ ಮೂತಿ ತೂರಿಸಿ ಒಳ್ಳೆಯ ತೆಂಗಿನೆಣ್ಣೆ ಬಿಟ್ಟರು. ಸ್ಟಾರ್ಟ್ ಮಾಡಿ ಕ್ಲಚ್ ಹಿಡಿದರು. ಸದ್ದಿಲ್ಲ. ಬೈಕು ಮಗುವಿನ ಹಾಗೆ ತಣ್ಣಗಾಗಿತ್ತು. ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದ ಆ ಗತ್ತು ಈಗಲೂ ನನ್ನ ಕಣ್ಣಮುಂದಿದೆ.

ಭಾನುವಾರ ಬೆಳಿಗ್ಗೆ ಇಸ್ತ್ರಿಯ ಅಂಗಿ ಹಾಕಿಕೊಂಡು ಮಾಟುಂಗಾದ ಹೋಟೆಲಿನವರಿಗೆ ತೋರಿಸಿಬರುತ್ತೇನೆ ಎಂದು ಹೊರಟರು. ಮುಂದಿನದನ್ನು ನನಗೆ ಫೋನಿನಲ್ಲಿ ಹೇಳಿದ್ದು ಅಲ್ಲಿಯ ಕ್ಯಾಶಿಯರು, ನಗು ತಡೆಯಲಾಗದೆ. ಸಿಗ್ನಲು ಹಸಿರಾಯಿತಂತೆ. ಇವರು ಗತ್ತಿನಿಂದ ಕೈ ತಿರುಗಿಸಿದರಂತೆ. ಇಂಜಿನ್ನು ಬೀದಿ ನಡುಗುವಂತೆ ಗರ್ಜಿಸಿತು, ಬೈಕು ಮಾತ್ರ ನಿಂತಲ್ಲೇ ನಿಂತಿತು. ಇನ್ನೂ ತಿರುಗಿಸಿದರು. ಕ್ಲಚ್ಚಿನ ಕಿಟಕಿಗಳಿಂದ ಹೊಗೆ ಬಂತು, ಎಂಥ ಹೊಗೆ! ಬಾಳೆಕಾಯಿ ಚಿಪ್ಸು ಕರಿದ ಪರಿಮಳ. ಬಸ್ಸಿಗೆ ಕಾದಿದ್ದ ಹೆಂಗಸೊಬ್ಬಳು ಅಂಗಡಿ ಎಲ್ಲಿ ಎಂದು ತಿರುಗಿ ನೋಡಿದಳಂತೆ. ಇಟಲಿಯನ್ನು ಇಬ್ಬರು ಮಾಣಿಗಳು ಸಯನ್ ತನಕ ತಳ್ಳಿಕೊಂಡು ಬಂದರು.

ನಾನು ಹೊಟ್ಟೆ ಹಿಡಿದು ನಕ್ಕೆ, ಸುಳ್ಳು ಯಾಕೆ ಹೇಳಲಿ. ಆದರೆ ಇವರು ನಗಲಿಲ್ಲ. ಹೋಟೆಲಿನವರು ಫೋನು ಮಾಡಿ, “ಪೂವಪ್ಪಣ್ಣ, ಚಿಪ್ಸು ಉಂಟಾ?” ಎಂದು ಕೇಳಿದಾಗಲೂ ನಗಲಿಲ್ಲ. ಮಂಗಳವಾರ ಒಂದು ಹೋಟೆಲಿನಲ್ಲಿ ಗ್ರೈಂಡರಿನ ಮುಂದೆ ನಿಂತವರಿಗೆ ಏನೂ ಹೊಳೆಯಲಿಲ್ಲವಂತೆ. ಅನುಮಾನದಿಂದ ಮಿಷನ್ನನ್ನೇ ಪೂರ್ತಿ ಬಿಚ್ಚಿಹಾಕಿದರು. ಒಳಗೆ ಎಲ್ಲ ಸರಿಯಿತ್ತು. ಕೆಟ್ಟದ್ದು ಬರೀ ಸ್ವಿಚ್ಚು. ಆ ದಿನ ಆ ಹೋಟೆಲಿನಲ್ಲಿ ದೋಸೆ ಇಲ್ಲ ಎಂಬ ಬೋರ್ಡು ಬಿತ್ತು. ಮನೆಗೆ ಬಂದವರು ಸಾಮಾನಿನ ಚೀಲವನ್ನು ಕಪಾಟಿನ ಮೇಲೆ ಹಾಕಿದರು.

“ನನ್ನ ಕಿವಿ ಹೋಯಿತು ಸೇವಂತಿ. ಇನ್ನು ಯಾರದ್ದೂ ಫೋನು ಕೊಡಬೇಡ ನನಗೆ.”

ಈ ಮನುಷ್ಯನಿಗೆ ಓದು ಇಲ್ಲ, ಅಂಗಡಿ ಇಲ್ಲ, ಬೇರೆ ಕಸುಬು ಬರುವುದಿಲ್ಲ. ಇರುವುದೊಂದು ಕಿವಿ. ಅದರ ಮೇಲಿನ ನಂಬಿಕೆಯೇ ಹೋದರೆ ಏನು ಉಳಿಯಿತು? ಆ ದಿನದಿಂದ ನಾನು ಬೈಯುವುದನ್ನು ಬಿಟ್ಟೆ. ಒದ್ದೆ ಟವೆಲು ಹಾಸಿಗೆಯ ಮೇಲೆ ಬಿಟ್ಟರೂ ಸುಮ್ಮನಿದ್ದೆ, ಸಾರಿಗೆ ಉಪ್ಪಿಲ್ಲ ಎಂದರೂ ಸುಮ್ಮನೆ ಉಪ್ಪು ಬಡಿಸಿದೆ. ನೊಂದವರನ್ನು ಮತ್ತೆ ನೋಯಿಸುವುದು ಯಾಕೆ ಎಂದು.

ಆ ದರಿದ್ರ ಬೈಕನ್ನು ಸರಿಮಾಡಿಸಿ ಮಾರಿಬಿಡುವುದೇ ಒಳ್ಳೆಯದು ಎಂದು ಹಿತೇಶನಿಗೆ ಫೋನು ಮಾಡಿದೆ. ಎಣ್ಣೆಯ ಸುದ್ದಿ ಎತ್ತಲಿಲ್ಲ, ಮರ್ಯಾದೆಯ ಪ್ರಶ್ನೆ. ನಿಂತುಹೋಗಿದೆ ಎಂದಷ್ಟೇ ಹೇಳಿದೆ. ಅವನು ಕುರ್ಲಾದ ಬಸವಂತಪ್ಪನ ನಂಬರು ಕೊಟ್ಟ. ಗದಗದ ಕಡೆಯವರು, ಇಂಥ ಹೊರದೇಶದ ಬೈಕುಗಳನ್ನು ಇಪ್ಪತ್ತು ವರ್ಷದಿಂದ ರಿಪೇರಿ ಮಾಡುವವರು, ಈ ಬೈಕನ್ನೂ ಹಿಂದಿನಿಂದ ನೋಡಿಕೊಂಡವರು. ಟೆಂಪೋದಲ್ಲಿ ಬೈಕು ಹಾಕಿಸಿ ನಾನೂ ಇವರ ಜೊತೆ ಹೊರಟೆ.

ಬಸವಂತಪ್ಪ ಮುಚ್ಚಳ ತೆಗೆದು ಬೆರಳಿಂದ ಮುಟ್ಟಿ ಮೂಸಿದರು. ಮತ್ತೊಮ್ಮೆ ಮೂಸಿದರು. “ಏನ್ ಹಾಕೀರಿ ಇದರಾಗ? ಮಿರ್ಚಿ ಭಜಿ ಕರಿಯಾಕ ಇಟ್ಟಿದ್ರೇನು?”

ಇವರು ತಲೆ ತಗ್ಗಿಸಿದರು. “ತೆಂಗಿನೆಣ್ಣೆ. ಕಟಕಟ ಅಂತಿತ್ತು. ಮಗಳು ಕ್ಲಚ್ ಡ್ರೈ ಉಂಟು ಎಂದಳು.”

“ಖರೇನ ಹೇಳ್ಯಾಳಲ್ರೀ! ಇದರ ಹೆಸರ ಡ್ರೈ ಕ್ಲಚ್. ಒಣಾ ಕ್ಲಚ್. ಹುಟ್ಟಿದಾಗಿಂದ ಒಣಾನ ಇರಬೇಕು, ಒಂದ ಹನಿ ಎಣ್ಣಿ ಮುಟ್ಟಿಸಬಾರ್ದು. ಕಟಕಟ ಅಂದ್ರನ ಆರಾಮ ಐತಿ ಅಂತ ತಿಳೀಬೇಕು. ಸುಮ್ಮನಾತಂದ್ರ ಕೆಟ್ಟೈತಿ ಅಂತ.”

ಇವರು ಎಣ್ಣೆ ಮೆತ್ತಿದ ಮುಚ್ಚಳವನ್ನು ಅಂಗಿಯ ತುದಿಯಿಂದ ಒರೆಸತೊಡಗಿದರು. ನನಗಂತೂ ಮಗಳ ಕನ್ನಡಕ್ಕೆ ಒಂದು ಬಾರಿಸಬೇಕು ಎನಿಸಿತು. ಆಮೇಲೆ ಯೋಚಿಸಿದರೆ, ಅವಳಿಗೆ ಕನ್ನಡ ಸರಿಯಾಗಿ ಕಲಿಸದವಳು ನಾನೇ.

ನಾಲ್ಕು ದಿನ ಬಿಟ್ಟು ಮತ್ತೆ ಹೋದೆವು. ಕ್ಲಚ್ಚಿಗೆ ಹೊಸ ಪ್ಲೇಟುಗಳು ಬಿದ್ದಿದ್ದವು. ಬಸವಂತಪ್ಪ ಸ್ಟಾರ್ಟ್ ಮಾಡಿ ಕ್ಲಚ್ ಹಿಡಿದರು. ಕಟಕಟಕಟ! “ಕೇಳ್ರಿ, ಆರೋಗ್ಯ!” ಎಂದು ನಕ್ಕರು. ಇವರು ನಗಲಿಲ್ಲ. ಸ್ಟೂಲಿನ ಮೇಲೆ ಕೂತವರು ಮೆಲ್ಲಗೆ ಕಣ್ಣು ಮುಚ್ಚಿದರು. ನಾನು ನೋಡುತ್ತಲೇ ಇದ್ದೆ. ಬಾಯಿ ಸ್ವಲ್ಪ ತೆರೆಯಿತು. ಕಿರುಬೆರಳು ಎದ್ದಿತು. ದೇವರೇ, ಒಮ್ಮೆ ಸರಿ ಹೇಳಲಿ ಎಂದು ನಾನು ಸೆರಗು ಬಿಗಿಹಿಡಿದೆ.

“ಇದರ ಕೆಳಗೆ ಇನ್ನೊಂದು ಸದ್ದು ಉಂಟು. ಸಪೂರದ್ದು. ಇಂಜಿನ್ನಿನ ಬೆಲ್ಟಿನ ಹತ್ತಿರ.”

“ಬೆಲ್ಟ್ ಹೋದ ವರ್ಷ ನಾನಽ ಹಾಕೀನ್ರಿ. ಹೊಸಾದೈತಿ.”

“ಬೆಲ್ಟು ಸರಿ ಉಂಟು. ಅದು ಒರಗಿಕೊಂಡು ತಿರುಗುವ ಗುಂಡು ಉಂಟಲ್ಲ, ಅದರ ಬೇರಿಂಗು.” ಇವರ ದನಿ ಸಣ್ಣದಿತ್ತು, ಆದರೆ ನಡುಗಲಿಲ್ಲ. “ಮೂವತ್ತೊಂದು ವರ್ಷದಿಂದ ಬೆಲ್ಟಿನ ಮಿಷನ್ನೇ ಕೇಳುವುದು ನಾನು.”

ಬಸವಂತಪ್ಪ ಸ್ವಲ್ಪ ಸಿಡುಕಿನಿಂದಲೇ ಇಂಜಿನ್ ಆರಿಸಿ ಬೆಲ್ಟಿನ ಮುಚ್ಚಳ ಬಿಚ್ಚಿದರು. ಆ ಗುಂಡನ್ನು ಬೆರಳಿಂದ ತಿರುಗಿಸಿದರು. ಮರಳು ಅರೆದ ಹಾಗೆ ಗರಗರ ಎಂದಿತು. ಅವರು ಪಾನಾ ಕೆಳಗಿಟ್ಟು ಇವರ ಮುಖ ನೋಡಿದರು.

“ಯಪ್ಪಾ! ಇನ್ನ ನಾಕ ದಿನ ಓಡಿದ್ರ ಬೆಲ್ಟ್ ಹರದು ಇಂಜಿನ್ ಚೂರ ಆಗ್ತಿತ್ತು. ಈ ಕಟಕಟದಾಗ ನನಗಽ ಕೇಳ್ಸಲಿಲ್ಲ. ನಿಮಗ ಹ್ಯಾಂಗ ಕೇಳಿಸ್ತ್ರೀ?”

ಇವರು ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡರು. ಬೈಕು ಮಾರುವ ಮಾತು ಅಲ್ಲಿಗೇ ಮುಗಿಯಿತು. ನಾನೂ ಎತ್ತಲಿಲ್ಲ.

ಹೊಸ ಬೇರಿಂಗು ಹಾಕಿಸಿ ಸಂಜೆ ಹೊರಟೆವು. ಆ ಬೈಕಿನ ಹಿಂದಿನ ಸೀಟು ಅಂಗೈ ಅಗಲ. ಅದರ ಮೇಲೆ ಸೀರೆಯುಟ್ಟು ನಾನು ಹೇಗೆ ಕೂತೆ ಎಂದು ಕೇಳಬೇಡಿ, ಕುರ್ಲಾದ ಅರ್ಧ ಊರು ನಿಂತು ನೋಡಿತು. ಸಯನ್ ಸಿಗ್ನಲಿನಲ್ಲಿ ನಿಂತೆವು. ಇವರು ಕ್ಲಚ್ ಹಿಡಿದರು. ಕಟಕಟಕಟ.

ಇವರು ತಿರುಗದೆಯೇ ಹೇಳಿದರು. “ಹತ್ತು ದಿನ ಆಯಿತು ನೀನು ಬೈಯದೆ.”

“ಹ್ಞಾಂ?”

“ಮನೆಯಲ್ಲಿ ಸದ್ದೇ ಇಲ್ಲ. ಒಳಗೆ ಎಂತದೋ ಕೆಟ್ಟಿದೆ ಅಂತ ನನಗೆ ಕೇಳ್ತಾ ಇತ್ತು ಮಾರಾಯ್ತಿ. ಕಿವಿ ಹೋಗಿದೆ ಅಂತ ನಾನೇ ಹೇಳಿದ್ದೆನಲ್ಲ, ಹಾಗಾಗಿ ನಿನ್ನ ಹತ್ತಿರ ಕೇಳಲಿಕ್ಕೆ ಧೈರ್ಯ ಬರಲಿಲ್ಲ.”

ಇಪ್ಪತ್ತೆಂಟು ವರ್ಷದಿಂದ ನಾನು ಬೈದದ್ದೆಲ್ಲ ಗೋಡೆಗೆ ಎಂದುಕೊಂಡಿದ್ದೆ. ಹಿಂದಿನಿಂದ ಟ್ಯಾಕ್ಸಿಯವನು ಹಾರ್ನ್ ಬಡಿದ, ಮತ್ತೊಬ್ಬನೂ ಬಡಿದ.

“ಸಿಗ್ನಲು ಹಸಿರಾಗಿ ಎಷ್ಟು ಹೊತ್ತಾಯಿತು, ನೋಡಿ ಮೊದಲು!” ಎಂದು ನಾನು ಇವರ ಬೆನ್ನಿಗೆ ಗುದ್ದಿದೆ. “ಕಿವಿ ಒಂದಿದ್ದರೆ ಸಾಕಾ, ಕಣ್ಣು ಬೇಡವಾ? ಮತ್ತೆ ಆ ನನ್ನ ಹತ್ತಿ ಸೀರೆ, ಅದನ್ನು ಹರಿದು ಬಟ್ಟೆ ಮಾಡಲು ನಿಮಗೆ ಯಾರು ಹೇಳಿದ್ದು? ಒದ್ದೆ ಟವೆಲು ಹಾಸಿಗೆಯ ಮೇಲೆ ಹಾಕುವುದು ಯಾವ ಊರಿನ ಕ್ರಮ?”

ಹೆಲ್ಮೆಟ್ಟಿನೊಳಗೆ ಇವರು ನಕ್ಕದ್ದು ನನಗೆ ಕೇಳಿಸಿತು.

“ಈಗ ಸರಿ ಉಂಟು” ಎಂದು ಕ್ಲಚ್ ಬಿಟ್ಟರು.