ರತ್ನವ್ವನ ಮನೆಗೆ ತಲುಪಿದ ಕಾನೂನು

ಕೋರ್ಟಿನ ಆರ್ಡರ್ ಕಾಪಿ ಕೈಗೆ ಬಂದ ಕೂಡಲೇ ರತ್ನವ್ವ ಅದನ್ನು ಮಡಚಿ ಸೆರಗಿನ ತುದಿಗೆ ಕಟ್ಟಿಕೊಂಡಳು.

"ನಡೀರಿ ಮೇಡಮ್ಮಾರ, ನಮ್ಮನಿಗೆ ಹೋಗೂಣು."

ನಾನು ಫೈಲು ಎತ್ತಿಕೊಂಡು ಹಿಂದೆ ಹೊರಟೆ.

2007ರ ಮಾತಿದು. ನಾನಾಗ ಬ್ಯಾಡಗಿಯಲ್ಲಿ ಹೊಸ ಜೂನಿಯರ್ ವಕೀಲೆ. ರತ್ನವ್ವ ಮಾರ್ಕೆಟ್‌ನಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವವಳು. ಗಂಡ ಹೊಡೆದು ಹೊರಗೆ ಹಾಕಿ ಮೂರು ತಿಂಗಳಾಗಿತ್ತು.

ತವರಿಗೆ ಹೋಗಿ ಜೀವನಾಂಶ ಕೇಳು ಅಂತ ಎಲ್ಲರೂ ಹೇಳಿದ್ದರು. ನಾನೂ ಹೇಳಿದ್ದೆ, ಸುಳ್ಳು ಯಾಕೆ.

ಅವಳದ್ದು ಒಂದೇ ಹಟ. "ಹನ್ನೊಂದು ವರ್ಷ ಸಾರಿಸೇನ್ರಿ ಆ ಮನಿ. ನಾ ಯಾಕ ಹೊರಗ ಬೀಳ್ಲಿ?"

ಕೌಟುಂಬಿಕ ದೌರ್ಜನ್ಯ ಕಾಯ್ದೆ ಆಗಷ್ಟೇ ಬಂದಿತ್ತು. ಮನೆ ತನ್ನ ಹೆಸರಿನಲ್ಲಿ ಇರದಿದ್ದರೂ ಹೆಂಡತಿಗೆ ಅಲ್ಲಿರುವ ಹಕ್ಕಿದೆ ಅನ್ನುವ ಕಾಯ್ದೆ. ಅದರಡಿ ಹಾಕಿದ ಅರ್ಜಿಗೇ ಈ ಆರ್ಡರ್ ಬಂದದ್ದು.

ಇದು ಹುಟ್ಟಿದ್ದೆಲ್ಲಿ ಅಂತ ಓದುತ್ತಾ ಹೋದರೆ ವಿಶ್ವಸಂಸ್ಥೆಯ ಮಹಿಳಾ ಒಪ್ಪಂದ ಸಿಕ್ಕಿತು! ನಮ್ಮ ದೇಶವೂ ಒಪ್ಪಿದ್ದು. ಮನೆಯೊಳಗಿನ ಹಿಂಸೆಯಿಂದ ಹೆಣ್ಣನ್ನು ಕಾಯುವುದು ಸರ್ಕಾರಗಳ ಕೆಲಸ ಅಂತ ಅದರ ಸಮಿತಿ ಎಂದೋ ಹೇಳಿತ್ತು.

ರತ್ನವ್ವನಿಗೆ ಹೇಳಿದೆ.

"ಹಂಗಾರ ಬ್ಯಾರೆ ದೇಶದಾಗೂ ಹೊಡೀತಾರೇನ್ರಿ?"

ಹೂಂ ಅಂದೆ.

ಈಗ ಅವಳ ಓಣಿಯಲ್ಲಿ ನಾವಿಬ್ಬರು, ಆರ್ಡರ್ ಜಾರಿ ಮಾಡಲು ಬಂದ ಪ್ರೊಟೆಕ್ಷನ್ ಆಫೀಸರ್ ಮೇಡಂ, ಒಬ್ಬರು ಪೊಲೀಸ್. ಓಣಿಯ ಮಂದಿಯೆಲ್ಲ ಹೊರಗೆ ನಿಂತಿದ್ದಾರೆ.

ಗಂಡ ಆರ್ಡರ್ ನೋಡಿ ಬಾಗಿಲಿನಿಂದ ಪಕ್ಕಕ್ಕೆ ಸರಿದ. ಕೂಗಾಡಿದ್ದು ಮಾವ. "ನಮ್ಮನಿ ವಿಚಾರದಾಗ ನಿಮಗೇನ್ ಕೆಲಸ?" ಅವನ ದನಿ ಏರಿದಂತೆಲ್ಲ ಬಾಗಿಲ ಹಿಂದಿದ್ದ ಅತ್ತೆ ಗೋಡೆಗೆ ಅಂಟಿಕೊಳ್ಳುತ್ತಿದ್ದಳು.

ರತ್ನವ್ವ ಯಾರನ್ನೂ ನೋಡಲಿಲ್ಲ. ಸೀದಾ ಒಳಗೆ ಹೋದಳು. ತಂಬಿಗೆಯಲ್ಲಿ ನೀರು ತಂದು ನನ್ನ ಮುಂದೆ ಹಿಡಿದಳು.

"ಕುಂದ್ರಿ ಮೇಡಮ್ಮಾರ. ಮನಿಗೆ ಬಂದೀರಿ, ಚಾ ಕುಡ್ಕೊಂಡ ಹೋಗಬೇಕು."

ನಾನು ಕಂಡೇ ಇರದ ಊರುಗಳಲ್ಲಿ ಯಾರೋ ಕೂತು ಬರೆದ ಮಾತು ಬ್ಯಾಡಗಿಯ ಈ ಹೊಸಿಲಿನವರೆಗೆ ಬಂದಿತ್ತಲ್ಲ...

ಚಹಾ ಕುಡಿದು ಹೊರಟೆ. ಓಣಿಯ ತಿರುವಿನಲ್ಲಿ ಹಿಂದಿನಿಂದ ಯಾರೋ ಕೈ ಹಿಡಿದರು. ರತ್ನವ್ವನ ಅತ್ತೆ! ಹುಬ್ಬಿನ ಮೇಲೆ ಹಳೇ ಹೊಲಿಗೆಯ ಗುರುತು.

ಸುತ್ತ ನೋಡಿ ಮೆಲ್ಲಗೆ ಕೇಳಿದಳು. "ಯವ್ವಾ, ಅಂಥಾ ಕಾಗದ ನನಗೂ ಸಿಗತೈತೇನ? ಅರವತ್ತು ದಾಟ್ಯಾವ... ಬಾಳ ತಡಾ ಆತೇನ?"

ಮನೆಯ ಹಿರಿಯ ಹೆಣ್ಣುಮಕ್ಕಳನ್ನು ನಾವು ಯಾವತ್ತಾದರೂ ಕೇಳಿದ್ದೇವಾ, ನಿನಗೂ ಹೊಡೆದಿದ್ದರಾ ಅಂತ?