ವಿಮಾನ ಸಿಗದ ಎಂಟು ದಿನ ಮತ್ತು ಎದುರುಮನೆ ಮೇಷ್ಟ್ರಮ್ಮ

ಯಾರದೋ ಮನೆಯಿಂದ ಹೊರಡುವಾಗ ‘ಬರ್ತೀನಿ’ ಅನ್ನಬೇಕೋ ಅನ್ನಬಾರದೋ ತಿಳಿಯದೆ ಬಾಗಿಲಲ್ಲೇ ನಿಂತುಬಿಟ್ಟಿದ್ದೀರಾ ಯಾವತ್ತಾದರೂ? ಚಪ್ಪಲಿ ಹುಡುಕುವ ನೆಪ ಮಾಡಿಕೊಂಡು? ನಾನು ನಿಂತಿದ್ದೇನೆ. ಅದೂ ಸ್ವಂತ ಅಕ್ಕನ ಮನೆಯಲ್ಲಿ.

ನಮ್ಮ ಕಡೆ ಸಾವಿನ ಮನೆಗೆ ಹೋದವರು ಹೇಳಿ ಹೊರಡುವ ಹಾಗಿಲ್ಲ. ಸ್ವಲ್ಪ ಹೊತ್ತು ಕೂತು ಸುಮ್ಮನೆ ಎದ್ದು ಹೋಗಬೇಕು. ಅಲ್ಲಿ ಕಾಫಿ ಕುಡಿಯುವುದೂ ಇಲ್ಲ. ‘ಬರ್ತೀನಿ’ ಅಂದರೆ ಇನ್ನೊಂದು ಸಾವಿಗೆ ಬರುತ್ತೇನೆ ಅಂದ ಹಾಗೆ ಎಂದು ಹಿರಿಯರ ಭಯ. ಇದೆಲ್ಲ ನಿಮಗೂ ಗೊತ್ತಿರುವುದೇ. ಆದರೆ ಮನೆಯ ಯಜಮಾನ ಸತ್ತಿದ್ದಾನೋ ಬದುಕಿದ್ದಾನೋ ಯಾರಿಗೂ ಗೊತ್ತಿಲ್ಲದ ಮನೆಗೆ ಹೋದರೆ ಏನು ಮಾಡಬೇಕು? ಅದನ್ನು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ತೊಂಬತ್ತರ ದಶಕದ ಮಾತು. ಅಕ್ಕ ಮತ್ತು ಭಾವ ಹೊಳೆನರಸೀಪುರದಲ್ಲಿದ್ದರು. ನಾನು ಅವರ ಮನೆಯಲ್ಲಿದ್ದುಕೊಂಡು ದಿನಾ ಬಸ್ಸಿನಲ್ಲಿ ಹಾಸನದ ಕಾಲೇಜಿಗೆ ಓಡಾಡುತ್ತಿದ್ದೆ. ಭಾವ ಹಾಸನದ ಒಂದು ಆಲೂಗಡ್ಡೆ ಮಂಡಿಯಲ್ಲಿ ಕೆಲಸಕ್ಕಿದ್ದರು. ಪ್ರತಿ ವರ್ಷ ಯುಗಾದಿ ಮುಗಿಯುತ್ತಲೇ ಪಂಜಾಬಿನ ಕಡೆ ಹೋಗಿ, ಬಿತ್ತನೆ ಗಡ್ಡೆ ಆರಿಸಿ, ಲಾರಿಗೆ ತುಂಬಿಸಿ ಕಳಿಸುವುದು ಅವರ ಕೆಲಸ. ರೈಲಿನಲ್ಲಿ ಮೂರು ದಿನ ಹೋಗಬೇಕು, ಮೂರು ದಿನ ಬರಬೇಕು. ಆ ವರ್ಷ ಮಂಡಿಯ ಸಾಹುಕಾರರಿಗೆ ಏನೋ ಅವಸರ. ವಿಮಾನದ ಟಿಕೆಟ್ ತೆಗೆಸಿಕೊಟ್ಟರು.

ನಮ್ಮ ಬೀದಿಯಲ್ಲಿ ವಿಮಾನ ಹತ್ತಿದ ಮೊದಲ ಮನುಷ್ಯ ಅವರೇ. ಹೊರಡುವ ದಿನ ಇಡೀ ಬೀದಿ ನಮ್ಮ ಗೇಟಿನಲ್ಲಿತ್ತು, ಎದುರುಮನೆ ಮೇಷ್ಟ್ರಮ್ಮ ಒಬ್ಬರನ್ನು ಬಿಟ್ಟು. ತೀರಿಹೋದ ಸ್ಕೂಲ್ ಮೇಷ್ಟ್ರ ಹೆಂಡತಿ ಅವರು. ಮಡಿ, ಶಾಸ್ತ್ರ ಅಂದರೆ ಬೀದಿಗೆಲ್ಲ ಅವರದೇ ಕೊನೆಯ ಮಾತು. ಹೊರಟವರಿಗೆ ವಿಧವೆ ಎದುರು ಬರಬಾರದೆಂದು ತಮ್ಮ ಕಿಟಕಿಯಿಂದಲೇ ಕೂಗಿದರು.

“ವಿಮಾನದಲ್ಲಿ ತಿಂಡಿ ಕೊಡ್ತಾರಂತಲ್ಲಪ್ಪಾ! ಏನು ಕೊಟ್ರು ಅಂತ ಬಂದು ನಂಗೆ ಹೇಳ್ಬೇಕು!”

“ಬಂದ್ ಯೇಳ್ತೀನಿ ಕಣಮ್ಮಾವ್ರೇ! ನಿಮ್ಗೂ ಒಸಿ ಕಟ್ಟಿಸ್ಕಂಡು ಬತ್ತೀನಿ!”

“ನಿನ್ ತಲೆ! ಅದನ್ನೆಲ್ಲ ನಾನು ಮುಟ್ಟಲ್ಲ. ಹೇಳಿದ್ರೆ ಸಾಕು.”

ಎಲ್ಲರೂ ನಕ್ಕರು. ಅವರು ಮುಟ್ಟುವುದಿಲ್ಲ ಅನ್ನುವುದು ನಮಗೆ ಚೆನ್ನಾಗಿ ಗೊತ್ತಿತ್ತು. ನಾವು ಆ ಬೀದಿಗೆ ಬಂದ ಮೂರು ವರ್ಷದಲ್ಲಿ ಅವರು ನಮ್ಮ ಮನೆಯ ಜಗಲಿ ದಾಟಿ ಒಳಗೆ ಬಂದಿರಲಿಲ್ಲ, ಒಂದು ಲೋಟ ನೀರೂ ಕುಡಿದಿರಲಿಲ್ಲ. ನಮಗೆ ಅದರ ಬೇಜಾರು ಇರಲಿಲ್ಲ ಅಂದರೆ ಸುಳ್ಳಾಗುತ್ತದೆ.

ಭಾವ ವಾಪಸು ಬರುವಾಗ ಹತ್ತಿದ ವಿಮಾನ ಮೋಡದಲ್ಲಿ ಕಾಣೆಯಾಯಿತು. ಬೀದಿಯಲ್ಲಿ ಫೋನಿದ್ದದ್ದು ಮೇಷ್ಟ್ರಮ್ಮನ ಮನೆಯಲ್ಲಿ ಮಾತ್ರ. ಅವರೇ ರಸ್ತೆ ದಾಟಿ ಬಂದು ಜಗಲಿಯ ಮೇಲೆ ನಿಂತು ಹೇಳಿದರು.

“ಮಂಡಿಯಿಂದ ಫೋನು ಬಂದಿತ್ತು. ವಿಮಾನ ಎಲ್ಲಿದೆ ಅಂತ ಗೊತ್ತಾಗ್ತಿಲ್ವಂತೆ. ಹತ್ತಿದೋರ ಪಟ್ಟೀಲಿ ಇವನ ಹೆಸರಿದೆ. ಅವರು ಹೇಳಿದ್ದು ಅಷ್ಟೇ ಕಣೇ, ನಂಗೆ ಗೊತ್ತಿರೋದೂ ಅಷ್ಟೇ.”

ಮಾರನೇ ದಿನ ಬೆಳಗಾಗುತ್ತಲೇ ಜನ ಬರತೊಡಗಿದರು. ಬಂದವರೆಲ್ಲ ಒಂದೊಂದು ಸುದ್ದಿ ತಂದರು. ವಿಮಾನ ಸಮುದ್ರದಲ್ಲಿ ಇಳಿದಿದೆಯಂತೆ. ಪಕ್ಕದ ದೇಶದವರು ಹಿಡಿದಿಟ್ಟುಕೊಂಡಿದ್ದಾರಂತೆ. ಅರಕಲಗೂಡಿನಲ್ಲಿ ಶಾಸ್ತ್ರ ಹೇಳುವವರೊಬ್ಬರು ‘ಉತ್ತರ ದಿಕ್ಕಿನಲ್ಲಿ ಕ್ಷೇಮವಾಗಿದ್ದಾರೆ’ ಅಂದರಂತೆ. ಉತ್ತರಕ್ಕೆ ಹೋಗಿದ್ದಾರೆ ಅನ್ನುವುದು ನಮಗೂ ಗೊತ್ತಿತ್ತಲ್ಲ!

ಅಕ್ಕ ಸ್ನಾನ ಮಾಡಿ, ಕುಂಕುಮ ಇಟ್ಟು, ಹೂ ಮುಡಿದು ಬಂದವರಿಗೆಲ್ಲ ಕಾಫಿ ಮಾಡಿದಳು. ಹೆಂಗಸರು ಲೋಟ ಹಿಡಿದುಕೊಂಡು ಕೂತರು, ಬಾಯಿಗೆ ಇಡಲಿಲ್ಲ. ಒಬ್ಬರಂತೂ ಮೆಲ್ಲಗೆ ಕನಕಾಂಬರದ ಗಿಡದ ಬುಡಕ್ಕೆ ಸುರಿದರು. ಸ್ವಲ್ಪ ಹೊತ್ತಿಗೆ ಒಬ್ಬೊಬ್ಬರೇ ಎದ್ದು, ಏನೂ ಹೇಳದೆ ತಲೆ ತಗ್ಗಿಸಿಕೊಂಡು ಹೊರಟರು. ಅಕ್ಕ ಬಾಗಿಲ ಪಕ್ಕ ಕೂತು ಪ್ರತಿಯೊಬ್ಬರ ಬಾಯನ್ನೇ ನೋಡುತ್ತಿದ್ದಳು. ಅವಳ ಗಂಡನನ್ನು ಊರು ಆಗಲೇ ಸಾಯಿಸಿಬಿಟ್ಟಿತ್ತು. ಬಂದವರದು ಕೆಟ್ಟ ಮನಸ್ಸಲ್ಲ. ಪಾಪ, ಅವರಿಗೂ ಏನು ಮಾಡಬೇಕೆಂದು ಗೊತ್ತಿರಲಿಲ್ಲ.

ಅದರ ಮರುದಿನ ನನಗೆ ಕಾಲೇಜಿನಲ್ಲಿ ಪರೀಕ್ಷೆ. ಅಕ್ಕನೇ ಬಲವಂತ ಮಾಡಿ ಹೊರಡಿಸಿದಳು. ಚಪ್ಪಲಿ ಹುಡುಕುವ ನೆಪದಲ್ಲಿ ಬಾಗಿಲಲ್ಲಿ ಸ್ವಲ್ಪ ನಿಂತು, ಹಾಕಿಕೊಂಡೆ. ‘ಬರ್ತೀನಿ ಅಕ್ಕ’ ಎಂದು ದಿನಾ ಹೇಳುವ ಮಾತನ್ನು ಆವತ್ತು ಹೇಳಲಿಲ್ಲ. ಹೇಳಿದರೆ ಏನಾಗಿಬಿಡುತ್ತದೋ ಎಂದು ಹೆದರಿ ಸುಮ್ಮನೆ ಮೆಟ್ಟಿಲಿಳಿದೆ.

ಹಿಂದಿನಿಂದ ಅಕ್ಕ ಕೇಳಿದಳು. “ನೀನೂನಾ?”

ತಿರುಗಿ ನೋಡಲಿಲ್ಲ. ಬಸ್ಸು ಹತ್ತಿದರೆ ಒಳಗಿದ್ದವರೆಲ್ಲ ಮಾತು ನಿಲ್ಲಿಸಿದರು, ಯಾರೋ ಎದ್ದು ಸೀಟು ಬಿಟ್ಟುಕೊಟ್ಟರು. ಪರೀಕ್ಷೆಯಲ್ಲಿ ಏನು ಬರೆದೆನೋ ನನಗೇ ಗೊತ್ತಿಲ್ಲ.

ಸಂಜೆ ವಾಪಸು ಬಂದಾಗ ಬೀದಿಯ ತಿರುವಿನಲ್ಲಿ ಒಂದು ಟೆಂಪೋ ನಿಂತಿತ್ತು. ಭಾವನನ್ನು ಸಾಕಿ ಬೆಳೆಸಿದ ಸೋದರತ್ತೆ ಬಾಗೂರಿನಿಂದ ಹೆಂಗಸರನ್ನೆಲ್ಲ ಕರೆದುಕೊಂಡು ಬಂದಿದ್ದರು. ಇಳಿದವರೇ ಎದೆ ಬಡಿದುಕೊಂಡು ಅಳುತ್ತಾ ಮನೆಯ ಕಡೆ ನಡೆದರು. ಅಷ್ಟರಲ್ಲಿ ಮೇಷ್ಟ್ರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ರಸ್ತೆಯ ಮಧ್ಯೆ ಬಂದು ನಿಂತರು.

“ಏಯ್, ನಿಲ್ಸಿ! ಯಾರು ಸತ್ತಿದಾರೆ ಅಂತ ಅಳ್ತಿದೀರಿ?”

“ಇಮಾನ ಬಿದ್ದೋಯ್ತಂತಲ್ಲವ್ವಾ! ನನ್ ಮಗ...” ಎಂದರು ಅತ್ತೆ.

“ಬಿದ್ದಿದ್ದನ್ನ ನೀನು ನೋಡಿದ್ಯಾ? ಗೌರ್ಮೆಂಟಿನೋರೇ ಇನ್ನೂ ಹುಡುಕ್ತಿದಾರೆ. ನೀವು ಬಾಗೂರಲ್ಲಿ ಕೂತ್ಕೊಂಡು ಕಂಡುಹಿಡಿದ್ಬಿಟ್ರಾ?”

ಅತ್ತೆಯ ಅಳು ಅರ್ಧಕ್ಕೇ ನಿಂತಿತು. ಮೇಷ್ಟ್ರಮ್ಮ ತಿರುಗಿ ಸೀದಾ ನಮ್ಮ ಮನೆಗೆ ನಡೆದರು. ಜಗಲಿ ದಾಟಿದರು. ಹೊಸಿಲು ದಾಟಿದರು. ನಡುಮನೆಯ ಚಾಪೆಯ ಮೇಲೆ ಕೂತು ಅಕ್ಕನಿಗೆ ಹೇಳಿದರು.

“ಕಾಫಿ ಹಾಕೇ. ಸಕ್ಕರೆ ಸ್ವಲ್ಪ ಮುಂದಾಗಿರಲಿ.”

ಅಕ್ಕ ಬೆಪ್ಪಾಗಿ ನೋಡಿದಳು. ಆಮೇಲೆ ಓಡಿಹೋಗಿ ಕಾಫಿ ತಂದಳು. ಮೇಷ್ಟ್ರಮ್ಮ ಎಲ್ಲರೂ ನೋಡುತ್ತಿದ್ದ ಹಾಗೆ ಲೋಟ ಎತ್ತಿ ಪೂರ್ತಿ ಕುಡಿದರು. ಬಾಗೂರಿನವರ ಕಡೆ ತಿರುಗಿ, “ನಿಮಗೇನು ಬೇರೆ ಹೇಳ್ಬೇಕಾ? ಕುಡೀರಿ” ಅಂದರು. ಎಲ್ಲರೂ ಕುಡಿದರು. ಆಮೇಲೆ ಮೇಷ್ಟ್ರಮ್ಮ ಎದ್ದು ಬಾಗಿಲಲ್ಲಿ ನಿಂತು, ಬೀದಿಗೆಲ್ಲ ಕೇಳುವ ಹಾಗೆ ಹೇಳಿದರು.

“ಬರ್ತೀನಿ ಕಣೇ! ನಾಳೆ ನಾಲ್ಕು ಗಂಟೆಗೆ ಬರ್ತೀನಿ. ಇವತ್ತು ಡಿಕಾಕ್ಷನ್ ನೀರಾಗಿತ್ತು. ನಾಳೆ ಸರಿಯಾಗಿ ಹಾಕು.”

ಅಲ್ಲಿಂದ ಬೀದಿಯೇ ಬದಲಾಯಿತು. ಶಾಸ್ತ್ರ ಗೊತ್ತಿರುವ ಮೇಷ್ಟ್ರಮ್ಮನೇ ಹೇಳಿ ಹೋದ ಮೇಲೆ ಉಳಿದವರಿಗೇನು? ಬಂದವರೆಲ್ಲ ಕಾಫಿ ಕುಡಿದು, ಬಾಯಿ ತುಂಬ ಹೇಳಿ ಹೊರಟರು. ಹೂವಿನವಳು ಮೊಳ ಹಾಕಿಕೊಟ್ಟು, “ಬತ್ತೀನಿ ಕಣವ್ವ, ನಾಳೀಕೆ ಮಲ್ಗೆ ತತ್ತೀನಿ” ಅಂದಳು. ಹಾಸನದ ಬಸ್ಸಿನ ಕಂಡಕ್ಟರ್ ದಿನಾ ನನ್ನನ್ನು ಇಳಿಸಿ, “ನಾಳೆ ಎಂಟೂಕಾಲ್ಗೆ ಬತ್ತೀವಿ ಕಣಮ್ಮೋ!” ಎಂದು ಕೂಗುತ್ತಿದ್ದರು, ಆ ಬಸ್ಸಿನ ಟೈಮು ನನಗೆ ಗೊತ್ತೇ ಇಲ್ಲವೇನೋ ಅನ್ನುವ ಹಾಗೆ. ಹಿರೀಸಾವೆಯಿಂದ ರೈತರೊಬ್ಬರು ಒಂದು ಗಡ್ಡೆ ಹಿಡಿದುಕೊಂಡು ಬಂದರು. “ಇದ್ರಾಗೆ ಕಪ್ ಚುಕ್ಕೆ ಅದೆ. ಅವ್ರು ಬಂದೇಟ್ಗೆ ತೋರ್ಸವ್ವ, ನಾನ್ ಭಾನ್ವಾರ ಬತ್ತೀನಿ” ಎಂದು ಕಿಟಕಿಯಲ್ಲಿಟ್ಟು ಹೋದರು.

ಭಾವ ತುಂಬಿಸಿದ್ದ ಲಾರಿಗಳು ಆ ವಾರವೇ ಹಾಸನಕ್ಕೆ ಬಂದವು. ಅವರು ಬರಲಿಲ್ಲ.

ಮೇಷ್ಟ್ರಮ್ಮ ದಿನಾ ನಾಲ್ಕಕ್ಕೆ ಸರಿಯಾಗಿ ಬರುತ್ತಿದ್ದರು. ಎಂಟನೇ ದಿನ ಬೆಳಿಗ್ಗೆ ಹತ್ತಕ್ಕೇ ಬಂದರು. ಅಕ್ಕ ಅವರ ಮುಖ ನೋಡಿದಳು, ಗಡಿಯಾರ ನೋಡಿದಳು. ಅಷ್ಟಕ್ಕೇ ಅವಳಿಗೆ ಗೊತ್ತಾಯಿತು. ಯಾವುದೋ ಕಾಡಿನ ಬೆಟ್ಟದಲ್ಲಿ ವಿಮಾನ ಸಿಕ್ಕಿತ್ತು. ಯಾರೂ ಉಳಿದಿರಲಿಲ್ಲ.

ಆ ದಿನದ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಸಂಜೆ ಜನ ಏಳುವ ಹೊತ್ತಾಯಿತು. ಈಗ ಅನುಮಾನವೇ ಇರಲಿಲ್ಲ, ಎಲ್ಲರಿಗೂ ಪದ್ಧತಿ ಗೊತ್ತಿತ್ತು. ಒಬ್ಬೊಬ್ಬರೇ ಸುಮ್ಮನೆ ಹೊರಟರು. ಅಕ್ಕ ಗೋಡೆಗೆ ಒರಗಿ ಅವರ ಬೆನ್ನುಗಳನ್ನು ನೋಡುತ್ತಿದ್ದಳು. ಮೇಷ್ಟ್ರಮ್ಮನೂ ಎದ್ದು ಗೇಟಿನವರೆಗೆ ಹೋದರು. ನಿಂತರು. ತಿರುಗಿ ಒಳಗೆ ಬಂದು ಅಕ್ಕನ ಮುಂದೆ ಕೂತರು.

“ನಾಳೆ ಬರ್ತೀನಿ ಕಣಮ್ಮ.”

ಬಾಗೂರಿನಿಂದ ಮತ್ತೆ ಬಂದಿದ್ದ ಸೋದರತ್ತೆ ಗಾಬರಿಯಾಗಿ ಅವರ ಕೈ ಹಿಡಿದರು. “ಸಾವಿನ್ ಮನೇಲಿ ಅಂಗನ್ಬಾರ್ದು ಕಣ್ರವ್ವಾ! ನಿಮ್ಗೆ ಯೇಳ್ಕೊಡ್ಬೇಕಾ?”

“ನಂಗೊತ್ತು ಕಣಮ್ಮ. ಈ ಬೀದಿಗೆಲ್ಲ ಹೇಳ್ಕೊಟ್ಟಿದ್ದೇ ನಾನು. ನಮ್ಮ ಮೇಷ್ಟ್ರು ಹೋದಾಗ ಎಲ್ಲರೂ ಶಾಸ್ತ್ರದ ಪ್ರಕಾರ ಹೇಳದೆ ಹೋದ್ರು. ಹೋದೋರು ತಿಂಗಳಾದ್ರೂ ಈ ಕಡೆ ತಲೆ ಹಾಕ್ಲಿಲ್ಲ. ಗಡಿಯಾರ ನೋಡ್ಕೊಂಡು ಕೂತಿದ್ದೆ ನಾನು. ಈ ಹುಡುಗಿ ಹಾಗೆ ಕೂರೋದು ಬೇಡ. ಪಾಪ ಬಂದ್ರೆ ನಂಗೆ ಬರ್ಲಿ.”

ಅತ್ತೆ ಅವರ ಕೈ ಬಿಟ್ಟರು. ಟೆಂಪೋ ಹತ್ತುವ ಮುಂಚೆ ಅಕ್ಕನ ಕೆನ್ನೆ ಮುಟ್ಟಿ, ಯಾರಿಗೂ ಕೇಳಬಾರದು ಅನ್ನುವ ಹಾಗೆ ಮೆತ್ತಗೆ, “ಬತ್ತೀನಿ ಕಣ್ ಮಗಾ” ಅಂದರು. ನನಗೆ ಕೇಳಿಸಿತು.

ಇಬ್ಬರೂ ಮಾತು ಉಳಿಸಿಕೊಂಡರು. ಅತ್ತೆ ವಾರಕ್ಕೊಮ್ಮೆ ಬಾಗೂರಿನಿಂದ ಸೊಪ್ಪು, ಕಾಳು ತಂದರು. ಮೇಷ್ಟ್ರಮ್ಮ ದಿನಾ ನಾಲ್ಕಕ್ಕೆ ಬಂದು ಡಿಕಾಕ್ಷನ್ನಿಗೆ ಹೆಸರಿಟ್ಟು ಕುಡಿದರು. ಅಕ್ಕ ಅದೇ ಮಂಡಿಯಲ್ಲಿ ಫೋನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ ಮೇಲೆ, ಅವಳ ಬಸ್ಸು ಬರುವ ಆರೂವರೆಗೆ ತಮ್ಮ ಕಾಫಿಯನ್ನು ಮುಂದಕ್ಕೆ ಹಾಕಿಕೊಂಡರು. ಅಕ್ಕ ಎದ್ದು ನಿಂತಿದ್ದು ಹಾಗೆ. ಅವರಿಗೆ ಥ್ಯಾಂಕ್ಸ್ ಅಂತ ನಾವು ಒಂದು ದಿನವೂ ಹೇಳಲಿಲ್ಲ. ಹೇಳಿದ್ದರೆ ಬೈಯುತ್ತಿದ್ದರು.

ಎರಡು ಸಾವಿರದ ಇಸವಿಯ ನಂತರ, ಕೆಲಸದ ಮೇಲೆ ನಾನೂ ಒಮ್ಮೆ ವಿಮಾನ ಹತ್ತಬೇಕಾಯಿತು. ದಾರಿಯುದ್ದಕ್ಕೂ ಸೀಟಿನ ಹಿಡಿಯನ್ನು ಬಿಟ್ಟಿರಲಿಲ್ಲ. ಬಂದವಳೇ ಹೊಳೆನರಸೀಪುರಕ್ಕೆ ಹೋಗಿ ಮೇಷ್ಟ್ರಮ್ಮನ ಮಂಚದ ಪಕ್ಕ ಕೂತೆ. ಆಗಲೇ ಅವರಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ.

“ವಿಮಾನದಲ್ಲಿ ಉಪ್ಪಿಟ್ಟು ಕೊಟ್ರು ಅಮ್ಮಾವ್ರೇ. ಆರೋಗಿತ್ತು. ಚಟ್ನೀನೂ ಇರ್ಲಿಲ್ಲ.”

ಮೇಷ್ಟ್ರಮ್ಮ ನನ್ನ ಕೈ ಹುಡುಕಿ ಹಿಡಿದುಕೊಂಡರು. “ಅಷ್ಟೇನಾ?” ಅಂದರು. “ಅಷ್ಟಕ್ಕೆ ಇಷ್ಟು ವರ್ಷ ಕಾಯಿಸಿದ್ರಾ ನನ್ನ?”

ಹೊರಡುವಾಗ ಬಾಗಿಲಲ್ಲಿ ನಿಂತು “ಬರ್ತೀನಿ ಅಮ್ಮಾವ್ರೇ” ಅಂದೆ. ಕೇಳಿಸಲಿಲ್ಲವೇನೋ ಅನ್ನಿಸಿ ಇನ್ನೊಂದು ಸಲ, ಜೋರಾಗಿ ಹೇಳಿದೆ.

ನಿಮ್ಮ ಮನೆ ಕಷ್ಟದಲ್ಲಿದ್ದಾಗ ‘ನಾಳೆ ಬರ್ತೀನಿ’ ಎಂದು ಹೇಳಿ ನಿಜವಾಗಿಯೂ ಬಂದವರು ಯಾರು? ನೆಂಟರೇ ಆಗಬೇಕಿಲ್ಲ. ಕಂಡಕ್ಟರೋ, ಹೂವಿನವರೋ, ಮೂರು ವರ್ಷ ನಿಮ್ಮ ಮನೆಯ ನೀರು ಮುಟ್ಟದವರೋ ಆಗಿರಬಹುದು. ಕೆಳಗೆ ಬರೆಯಿರಿ. ಉದ್ದವಾದರೂ ಪರವಾಗಿಲ್ಲ, ಎಲ್ಲವನ್ನೂ ಓದುತ್ತೇನೆ, ಅಕ್ಕನಿಗೂ ಓದಿ ಹೇಳುತ್ತೇನೆ.